ಹಳೇ ಮನೆಗೆ ವೈ-ಫೈ: ಡಬ್ಬಿ ಎಲ್ಲಿಡಬೇಕು, ತಂತಿ ಎಲ್ಲಿ ಎಳೆಯಬೇಕು

ಸಾಗರ, ಸೊರಬ ಕಡೆಯ ಹಳ್ಳಿಮನೆಗಳಿಗೆ ಫೈಬರ್ ಎಳೆದು ಇಂಟರ್ನೆಟ್ ಕೊಡುವುದು ನನ್ನ ಕೆಲಸ. ಹೊಸ ಕನೆಕ್ಷನ್ ಕೊಟ್ಟು ವಾರ ಕಳೆಯುವುದರೊಳಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ಒಂದೇ ದೂರು: "ಜಗಲೀಲಿ ಚೆನ್ನಾಗಿ ಬರ್ತದೆ ಮಾರಾಯ, ಒಳಗೆ ಹೋದ್ರೆ ಏನೂ ಇಲ್ಲ." ಹೋಗಿ ನೋಡಿದರೆ ಲೈನು ಸರಿಯಾಗಿಯೇ ಇರುತ್ತದೆ, ಹಾಕಿಸಿಕೊಂಡ ಪ್ಲಾನೂ ಸಾಕಷ್ಟಿರುತ್ತದೆ. ಡಬ್ಬಿ, ಅಂದರೆ ವೈ-ಫೈ ಕೊಡುವ ರೂಟರ್, ಕೂತ ಜಾಗ ಮಾತ್ರ ತಪ್ಪಾಗಿರುತ್ತದೆ. ಇದನ್ನು ಸರಿಮಾಡಲು ಹೊಸ ರೂಟರ್‌ಗೆ ದುಡ್ಡು ಸುರಿಯುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಜಾಗ ಬದಲಿಸಿ, ಬೇಕಾದಲ್ಲಿ ಒಂದು ತಂತಿ ಎಳೆದರೆ ಇದ್ದ ರೂಟರ್ರೇ ಮನೆ ತುಂಬ ಕೆಲಸ ಮಾಡುತ್ತದೆ.

ಜಾಗ ತಪ್ಪುವುದಕ್ಕೆ ಕಾರಣವಿದೆ. ಕಂಬದಿಂದ ಬಂದ ವೈರು ಜಗಲಿಯ ಕೊನೆಯಲ್ಲಿ ಒಳಗೆ ನುಗ್ಗುತ್ತದೆ. ಅಲ್ಲೇ ಕಿಟಕಿ ಪಕ್ಕ ಒಂದು ಪ್ಲಗ್ ಪಾಯಿಂಟ್ ಇರುತ್ತದೆ. ಕನೆಕ್ಷನ್ ಕೊಡಲು ಬಂದ ಹುಡುಗರಿಗೆ ಅದೇ ದಿನ ಇನ್ನೂ ನಾಲ್ಕು ಮನೆಗೆ ಹೋಗುವುದಿರುತ್ತದೆ, ಅಲ್ಲೇ ಗೋಡೆಗೆ ಹೊಡೆದು ಹೊರಡುತ್ತಾರೆ. ಹಾಗಾಗಿ ಅವರು ಬರುವ ಮುಂಚೆಯೇ ಡಬ್ಬಿ ಎಲ್ಲಿ ಕೂರಬೇಕೆಂದು ನೀವು ತೀರ್ಮಾನಿಸಿಟ್ಟುಕೊಳ್ಳಿ. "ಇಲ್ಲಿ ಬೇಡ, ನಡುಮನೆಗೆ ತನ್ನಿ" ಎಂದು ಹೇಳುವ ಹಕ್ಕು ನಿಮಗಿದೆ. ಒಳಗಿನ ವೈರು ಹದಿನೈದು ಮೀಟರ್ ಹೆಚ್ಚಾದರೆ ಸಿಗ್ನಲ್ಲಿಗೆ ಏನೂ ಆಗುವುದಿಲ್ಲ. ಫೈಬರ್ ಕಿಲೋಮೀಟರ್‌ಗಟ್ಟಲೆ ಓಡುವ ಸಾಮಾನು.

ನಮ್ಮ ಕಡೆಯ ಮನೆಗಳ ಗೋಡೆ ಜಂಬಿಟ್ಟಿಗೆಯದ್ದೋ ಮಣ್ಣಿನದ್ದೋ ಆಗಿರುತ್ತದೆ, ಒಂದೂವರೆ ಅಡಿ ದಪ್ಪ. ಹೆಚ್ಚಿನ ರೂಟರ್‌ಗಳು ಎರಡು ಬ್ಯಾಂಡಿನಲ್ಲಿ (ರೇಡಿಯೋ ಅಲೆಯ ಪಟ್ಟಿಯಲ್ಲಿ) ಸಿಗ್ನಲ್ ಬಿಡುತ್ತವೆ: 2.4 ಗಿಗಾಹರ್ಟ್ಜ್ ಮತ್ತು 5 ಗಿಗಾಹರ್ಟ್ಜ್. ಐದರದ್ದು ವೇಗ ಹೆಚ್ಚು, ಆದರೆ ಇಂಥ ಒಂದು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ಎರಡೂವರೆಯ ಹತ್ತಿರದ್ದು ನಿಧಾನ, ಆದರೆ ಇನ್ನೊಂದು ಗೋಡೆ ದಾಟುವ ತಾಕತ್ತಿದೆ. ಮಳೆಗಾಲದಲ್ಲಿ ಗೋಡೆ ನೀರು ಕುಡಿದರೆ ಎರಡೂ ಇನ್ನಷ್ಟು ಕುಗ್ಗುತ್ತವೆ. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಫ್ರಿಜ್ಜು, ನೀರಿನ ಟ್ಯಾಂಕು ದಾರಿಯಲ್ಲಿದ್ದರೆ ಅದರ ಹಿಂದೆ ಏನೂ ಸಿಗದ ಜಾಗವೊಂದು ಹುಟ್ಟಿಕೊಳ್ಳುತ್ತದೆ.

ಆದರೆ ಹಳೇ ಮನೆಗೆ ಒಂದು ಅನುಕೂಲವೂ ಇದೆ. ಬಾಗಿಲುಗಳು ಹೆಚ್ಚಾಗಿ ಒಂದರ ನೇರಕ್ಕೆ ಒಂದಿರುತ್ತವೆ, ಮತ್ತು ಮರದ ಬಾಗಿಲು ಸಿಗ್ನಲ್ಲಿಗೆ ಅಷ್ಟೇನೂ ಅಡ್ಡಿಯಲ್ಲ. ಕತ್ತಲೆ ಕೋಣೆಗೆ ನಡುಮನೆಯ ದೀಪದ ಬೆಳಕು ಬಾಗಿಲ ಮೂಲಕ ಬೀಳುವ ಹಾಗೆಯೇ ಇದೂ. ಅದಕ್ಕೇ ನಾನು ಎಲ್ಲರಿಗೂ ಹೇಳುವ ಲೆಕ್ಕ ಇಷ್ಟು: ಮನೆಯೊಳಗೆ ಎಲ್ಲಿ ನಿಂತರೆ ಅತಿ ಹೆಚ್ಚು ಬಾಗಿಲು ಕಣ್ಣಿಗೆ ಬೀಳುತ್ತದೋ ಆ ಜಾಗದ ಗೋಡೆಯಲ್ಲಿ, ತಲೆಗಿಂತ ಮೇಲೆ, ಆರೇಳು ಅಡಿ ಎತ್ತರದಲ್ಲಿ ರೂಟರ್ ಕೂರಿಸಿ. ಟಿವಿ ಹಿಂದೆ ಬೇಡ, ಗೋಡೆ ಬೀರುವಿನ ಒಳಗೆ ಬೇಡ, ನೆಲದ ಮೇಲಂತೂ ಬೇಡವೇ ಬೇಡ. ಅಡಿಗೆಮನೆಯ ಮೈಕ್ರೋವೇವ್ ಒಲೆಯಿಂದಲೂ ದೂರವಿರಲಿ, ಅದು ಓಡುವಾಗ 2.4ರ ಬ್ಯಾಂಡಿಗೇ ಗಲಾಟೆ ಮಾಡುತ್ತದೆ.

ಮೊಳೆ ಹೊಡೆಯುವ ಮುಂಚೆ ಪರೀಕ್ಷೆ ಮಾಡಲು ರೂಟರ್ ಬೇಕೆಂದೇ ಇಲ್ಲ. ಒಂದು ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ ಆ ಜಾಗದಲ್ಲಿ ಎತ್ತರಕ್ಕೆ ಇಡಿ. ಇನ್ನೊಂದು ಫೋನನ್ನು ಅದಕ್ಕೆ ಜೋಡಿಸಿಕೊಂಡು ಅಡಿಗೆಮನೆ, ಮಲಗುವ ಕೋಣೆ, ಮೆತ್ತಿನ ಮೇಲೆ, ಹಿತ್ತಲ ಬಾಗಿಲವರೆಗೂ ಓಡಾಡಿ. ಎಲ್ಲೆಲ್ಲಿ ಸಿಗ್ನಲ್ ಕಡ್ಡಿ ಕಡಿಮೆಯಾಗುತ್ತದೆ ನೋಡಿ. ಫೋನಿನ ಹಾಟ್‌ಸ್ಪಾಟ್ ರೂಟರಿಗಿಂತ ದುರ್ಬಲ. ಅದು ಮುಟ್ಟಿದ ಜಾಗವನ್ನು ರೂಟರ್ ಧಾರಾಳವಾಗಿ ಮುಟ್ಟುತ್ತದೆ.

ತಾಳಗುಪ್ಪದ ಹತ್ತಿರದ ಒಂದು ಮನೆಯ ವಿಷಯ ಹೇಳುತ್ತೇನೆ. ಆ ಮನೆಯ ಹುಡುಗಿ ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವವಳು. ರಾತ್ರಿ ಮೀಟಿಂಗ್ ಇದ್ದಾಗ ಜಗಲಿಯಲ್ಲಿ ಸೊಳ್ಳೆಬತ್ತಿ ಹಚ್ಚಿಕೊಂಡು ಕೂರುತ್ತಿದ್ದಳು. ಅವಳ ಕೋಣೆಯಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 5-6 ಎಂಬಿಪಿಎಸ್ ಬರುತ್ತಿತ್ತು, ಹಾಕಿಸಿದ್ದು 100ರ ಪ್ಲಾನು. ಡಬ್ಬಿ ಇದ್ದದ್ದು ಜಗಲಿಯ ಮೂಲೆಯಲ್ಲಿ, ಅಡಿಕೆ ಚೀಲದ ರಾಶಿಯ ಹಿಂದೆ. ನಡುಮನೆಯ ಬಾಗಿಲವಾಡದ ಮೇಲಿದ್ದ ಹಲಗೆಗೆ ಅದನ್ನು ಏರಿಸಿದೆವು. ಅವಳ ಕೋಣೆಯ ಬಾಗಿಲು ಅದರ ಎದುರಿಗೇ ಬರುತ್ತಿತ್ತು. ಅದೇ ರೂಟರ್, ಅದೇ ಪ್ಲಾನು, ಕೋಣೆಯಲ್ಲಿ 60 ದಾಟಿತು. ಅವಳ ಅಜ್ಜಿ "ಇನ್ನು ಮಗು ಒಳಗೇ ಕೂತು ಕೆಲಸ ಮಾಡ್ತದೆ" ಎಂದು ಎರಡು ಸಲ ಹೇಳಿದರು. ಈ ಕೆಲಸದಲ್ಲಿ ನನಗೆ ಖುಷಿ ಕೊಡುವುದು ಇಂಥದ್ದೇ.

ಅಂದ ಹಾಗೆ, 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಎಂಬಿ ಫೈಲ್ ಇಳಿಯುತ್ತದೆ ಎಂದಲ್ಲ. ಅದು ಬಿಟ್ಟುಗಳ ಲೆಕ್ಕ, ಫೈಲಿನದು ಬೈಟುಗಳ ಲೆಕ್ಕ; ಎಂಟು ಬಿಟ್ಟು ಸೇರಿದರೆ ಒಂದು ಬೈಟು. ಎಂಟರಿಂದ ಭಾಗಿಸಿ, ಸುಮಾರು ಹನ್ನೆರಡೂವರೆ ಎಂಬಿ. ಇದು ಗೊತ್ತಿಲ್ಲದೆ ಜಗಳಕ್ಕೆ ಬಂದವರು ಸಾಕಷ್ಟು ಜನ.

ರೂಟರಿನ ಆಂಟೆನಾ ನೆಟ್ಟಗೆ ನಿಲ್ಲಿಸಿದರೆ ಸಿಗ್ನಲ್ ಅದರ ಸುತ್ತ ಅಡ್ಡಡ್ಡಕ್ಕೆ ಹರಡುತ್ತದೆ, ಅದರ ತುದಿಯ ದಿಕ್ಕಿಗೆ ಕಡಿಮೆ. ಒಂದೇ ಅಂತಸ್ತಿನ ಮನೆಯಾದರೆ ಎಲ್ಲವೂ ನೆಟ್ಟಗಿರಲಿ. ಮೆತ್ತಿನ ಮೇಲೂ ಬೇಕೆಂದರೆ ಒಂದನ್ನು ಅಡ್ಡ ಮಲಗಿಸಿ.

ಈಗ ಫೈಬರ್ ವೈರಿನ ವಿಚಾರ. ಒಳಗಿರುವುದು ಗಾಜಿನೆಳೆ. ಕರೆಂಟ್ ವೈರಿನಂತೆ ಮೂಲೆಯಲ್ಲಿ ಮಡಚಿ ಕ್ಲಿಪ್ ಹೊಡೆದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ಮೂಲೆ ಬಂದಲ್ಲಿ ಅಗಲವಾಗಿ ಬಳಸಿ ತಿರುಗಿಸಿ, ಡಬ್ಬಿಯ ಹತ್ತಿರ ಎರಡು ಮೂರು ಮೀಟರ್ ಸುರುಳಿ ಉಳಿಸಿಕೊಳ್ಳಿ. ಮುಂದೆ ಇಲಿ ಕಡಿದರೆ ಹೊಸ ವೈರು ಎಳೆಯದೆ ತುದಿ ಮಾಡಿಕೊಡಬಹುದು. ಹಸಿರು ತಲೆಯ ಕನೆಕ್ಟರಿಗೆ ಹಸಿರನ್ನೇ ಹಾಕಬೇಕು. ಅದರ ತುದಿ ಎಂಟು ಡಿಗ್ರಿ ಓರೆಯಾಗಿ ಉಜ್ಜಿರುತ್ತದೆ, ನೀಲಿಯದರ ಜೊತೆ ಕೂಡುವುದಿಲ್ಲ. ಬಿಚ್ಚಿದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು "ಬೆಳಕು ಬರ್ತಿದೆಯಾ" ಎಂದು ಯಾರೂ ನೋಡಬೇಡಿ, ಮಕ್ಕಳಿಗೂ ಹೇಳಿಡಿ. ಅದು ಕಣ್ಣಿಗೆ ಕಾಣದ ಲೇಸರ್ ಬೆಳಕು.

ಕನೆಕ್ಷನ್ ಕೊಟ್ಟು ಮುಗಿದ ಮೇಲೆ, ವೈರಿನಲ್ಲಿ ಬರುವ ಬೆಳಕನ್ನು ಅಳೆಯುವ ಪವರ್ ಮೀಟರ್ ತೋರಿಸಲು ಕೇಳಿ. ಅದು ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ, ಮೈನಸ್ಸಿನ ಮುಂದಿನ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಮೈನಸ್ 20ರ ಆಸುಪಾಸು ಇದ್ದರೆ ನೆಮ್ಮದಿ. ಸಾಮಾನ್ಯ ಡಬ್ಬಿಗಳು ಮೈನಸ್ 27ರವರೆಗೆ ಎಳೆಯುತ್ತವೆ, ಆದರೆ ಮೈನಸ್ 26 ತೋರಿಸುತ್ತಿದ್ದರೆ ಒಪ್ಪಿಕೊಳ್ಳಬೇಡಿ. ಮೊದಲ ಗಾಳಿಮಳೆಗೆ ಕೊಂಬೆಯೊಂದು ವೈರಿನ ಮೇಲೆ ಒರಗಿದರೂ ಲೈನ್ ಹೋಗುತ್ತದೆ. ಅಷ್ಟು ಕಡಿಮೆ ಬೆಳಕು ಬಂದರೆ ಹೆಚ್ಚಾಗಿ ಎಲ್ಲೋ ಜಾಯಿಂಟ್ ಸರಿಯಿಲ್ಲ ಎಂದರ್ಥ, ಆಗಲೇ ಸರಿಮಾಡಿಸಿಕೊಳ್ಳಿ.

ಡಬ್ಬಿ ಆನ್ ಆಗಿ ದೀಪಗಳೆಲ್ಲ ನೆಲೆಯಾಗಲು ಎರಡು ಮೂರು ನಿಮಿಷ ಬೇಕು. ಅದರ ಬೆನ್ನಿಗೆ ಅಂಟಿಸಿದ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ, ಗೋಡೆಗೆ ಹೊಡೆದ ಮೇಲೆ ಅದು ಕಾಣುವುದಿಲ್ಲ. ಅದರಲ್ಲಿರುವ ವೈ-ಫೈ ಹೆಸರು, ಪಾಸ್‌ವರ್ಡ್ ಹಾಕಿ ಫೋನ್ ಜೋಡಿಸಿ. ಮೊಬೈಲ್ ಡೇಟಾ ಆಫ್ ಮಾಡಿ, ಇಲ್ಲದಿದ್ದರೆ ಫೋನ್ ಆ ದಾರಿ ಹಿಡಿದು ರೂಟರಿನ ಸೆಟ್ಟಿಂಗ್ ಪೇಜ್ ತೆರೆಯದೇ ಇರಬಹುದು. ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಎಂದು ಹೊಡೆಯಿರಿ, ಚೀಟಿಯಲ್ಲಿ ಯಾವುದೆಂದು ಬರೆದಿರುತ್ತದೆ. ಅಲ್ಲಿ ಎರಡು ಪಾಸ್‌ವರ್ಡ್ ಬದಲಿಸಬೇಕು, ಜನ ಒಂದನ್ನೇ ಬದಲಿಸಿ ಬಿಡುತ್ತಾರೆ. ಒಂದು ವೈ-ಫೈಯದು, ಇನ್ನೊಂದು ಈ ಸೆಟ್ಟಿಂಗ್ ಪೇಜಿಗೆ ಹೋಗುವ ಅಡ್ಮಿನ್ ಪಾಸ್‌ವರ್ಡು. ಭದ್ರತೆಯ ಜಾಗದಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ, ಪಾಸ್‌ವರ್ಡ್ ಹೊಡೆಯದೆ ಗುಂಡಿ ಒತ್ತಿಯೋ ಪಿನ್ ಹಾಕಿಯೋ ಜೋಡಿಸುವ ಡಬ್ಲ್ಯುಪಿಎಸ್ (WPS) ಎಂಬುದನ್ನು ಆಫ್ ಮಾಡಿ.

"ನಮ್ಮೂರಲ್ಲಿ ಯಾರು ಕದೀತಾರೆ, ಪಾಸ್‌ವರ್ಡ್ ಬೇಡ" ಎನ್ನುವ ಹಿರಿಯರಿಗೆ ನಾನು 2008ರ ಜುಲೈನ ವಿಷಯ ಹೇಳುತ್ತೇನೆ. ಅಹಮದಾಬಾದಿನ ಸರಣಿ ಸ್ಫೋಟಕ್ಕೆ ಸ್ವಲ್ಪ ಮುಂಚೆ ಟಿವಿ ಚಾನೆಲ್‌ಗಳಿಗೆ ಹೋದ ಬೆದರಿಕೆಯ ಇ-ಮೇಲ್ ನವಿ ಮುಂಬೈಯ ಒಂದು ಮನೆಯ ವೈ-ಫೈ ಮೂಲಕ ಹೋಗಿತ್ತು. ಆ ಮನೆಯವರಿಗೆ ಅದರ ಗಂಧವೂ ಇರಲಿಲ್ಲ, ಆದರೂ ಪೊಲೀಸರು ಮೊದಲು ಬಂದದ್ದು ಅವರ ಬಾಗಿಲಿಗೆ. ನಿಮ್ಮ ಲೈನಿನಿಂದ ಏನು ಹೋದರೂ ಹೆಸರು ನಿಮ್ಮದೇ. ನೆಂಟರಿಷ್ಟರಿಗೆ ಕೊಡಲು ರೂಟರಿನಲ್ಲೇ ಗೆಸ್ಟ್ ನೆಟ್‌ವರ್ಕ್ ಇದೆ. ಮದುವೆ, ಉಪನಯನಕ್ಕೆ ಅದನ್ನು ಆನ್ ಮಾಡಿ, ಮುಗಿದ ಮೇಲೆ ಆಫ್ ಮಾಡಿ.

ಎರಡು ಬ್ಯಾಂಡಿಗೆ ಒಂದೇ ಹೆಸರಿಡಬೇಕೋ ಬೇರೆ ಬೇರೆಯೋ ಎಂದು ಕೇಳುತ್ತಾರೆ. ದಪ್ಪ ಗೋಡೆಯ ಮನೆಯಲ್ಲಿ ಬೇರೆಯೇ ಇಡಿ ಎಂಬುದು ನನ್ನ ಅಭಿಪ್ರಾಯ. ಸ್ಮಾರ್ಟ್ ಬಲ್ಬು, ಕಡಿಮೆ ಬೆಲೆಯ ಕ್ಯಾಮೆರಾ, ಹಳೇ ಫೋನುಗಳಿಗೆ 2.4 ಮಾತ್ರ ಕಾಣುತ್ತದೆ. ಟಿವಿ, ಲ್ಯಾಪ್‌ಟಾಪು ಡಬ್ಬಿ ಇದ್ದ ಕೋಣೆಯಲ್ಲೇ ಇದ್ದರೆ 5ಕ್ಕೆ ಹಾಕಿ. ಒಂದೊಂದು ಬ್ಯಾಂಡಿನೊಳಗೂ ಚಾನೆಲ್ ಎಂಬ ಸಣ್ಣ ಭಾಗಗಳಿರುತ್ತವೆ, ಅವನ್ನು ಬದಲಿಸುವ ತಲೆಬಿಸಿ ಹಳ್ಳಿಮನೆಗೆ ಬೇಡ. ಪೇಟೆಯ ಅಪಾರ್ಟ್‌ಮೆಂಟಿನಲ್ಲಿರುವವರು 2.4ರಲ್ಲಿ 1, 6, 11 ಈ ಮೂರರಲ್ಲೇ ಒಂದನ್ನು ಆರಿಸಿ, ಅವು ಒಂದರ ಮೇಲೊಂದು ಬೀಳುವುದಿಲ್ಲ.

ಇಷ್ಟಾದರೂ ಹಿಂದಿನ ಕೋಣೆಗೋ ಮೆತ್ತಿಗೋ ಮುಟ್ಟದಿದ್ದರೆ? ಅಂಗಡಿಯವರು ರಿಪೀಟರ್ ಕೊಡುತ್ತಾರೆ, ರೂಟರಿನ ಸಿಗ್ನಲ್ ಹಿಡಿದು ಮತ್ತೆ ಹರಡುವ ಸಣ್ಣ ಡಬ್ಬಿ. ಪ್ಲಗ್ಗಿಗೆ ಚುಚ್ಚಿದರೆ ಆಯಿತು, ಸುಲಭ. ಆದರೆ ಸಾಮಾನ್ಯ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳಬೇಕು, ವೇಗ ಅಲ್ಲೇ ಅರ್ಧವಾಗುತ್ತದೆ. ಜೊತೆಗೆ ಜನ ಅದನ್ನು ಸಿಗ್ನಲ್ ಇಲ್ಲದ ಕೋಣೆಯಲ್ಲೇ ಇಡುತ್ತಾರೆ, ಅಲ್ಲಿ ಅದಕ್ಕೆ ಕೇಳಿಸುವುದಾದರೂ ಏನು? ಅದರ ಬದಲು ರೂಟರಿನಿಂದ ಆ ಕೋಣೆಗೆ ಒಂದು ಲ್ಯಾನ್ ಕೇಬಲ್ (ಇಂಟರ್ನೆಟ್ ಒಯ್ಯುವ ತಾಮ್ರದ ತಂತಿ) ಎಳೆಯಿರಿ. ಅಟ್ಟದ ತೊಲೆ ಜಂತಿಗಳ ಗುಂಟ ಎಳೆದರೆ ಗೋಡೆ ಕೊರೆಯುವ ಕೆಲಸವೂ ಇಲ್ಲ, ಕಣ್ಣಿಗೂ ಕಾಣುವುದಿಲ್ಲ. ಕ್ಯಾಟ್ 6 ಕೇಬಲ್ ತನ್ನಿ, ಶುದ್ಧ ತಾಮ್ರದ್ದೇ ಕೇಳಿ, ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ್ದು ಬೇಡ. 100 ಮೀಟರ್‌ವರೆಗೆ ನಡೆಯುತ್ತದೆ. ಒಳಗಿನ ಎಂಟೂ ಎಳೆಗಳನ್ನು ತುದಿಯ ಕನೆಕ್ಟರಿಗೆ ಕ್ರಿಂಪ್ ಮಾಡಿಸಿ (ಒತ್ತಿ ಕೂರಿಸಿ). ನಾಲ್ಕೇ ಹಾಕಿ ಬಿಟ್ಟರೆ 100 ಎಂಬಿಪಿಎಸ್ ಮೇಲೆ ಹೋಗುವುದಿಲ್ಲ.

ಆ ತುದಿಗೆ ಮನೆಯಲ್ಲಿ ಬಿದ್ದಿರುವ ಹಳೇ ರೂಟರ್ ಸಾಕು. ಅದರಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ಕೇಬಲಿನಲ್ಲಿ ಬಂದದ್ದನ್ನು ವೈ-ಫೈಯಾಗಿ ಹಂಚುವುದಷ್ಟೇ ಕೆಲಸ) ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಅದರ ವಿಳಾಸವನ್ನು 192.168.1.2 ಎಂದು ಬದಲಿಸಿ (ಮುಖ್ಯ ಡಬ್ಬಿಯದು 192.168.1.1 ಆಗಿದ್ದರೆ), ಫೋನುಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ (DHCP) ಆಫ್ ಮಾಡಿ, ಕೇಬಲನ್ನು ಅದರ ವ್ಯಾನ್ (WAN) ಎಂದು ಬರೆದ ತೂತಿಗೆ ಹಾಕದೆ ಲ್ಯಾನ್ (LAN) ತೂತಿಗೆ ಹಾಕಿ. ವೈ-ಫೈ ಹೆಸರು ಪಾಸ್‌ವರ್ಡ್ ಮೊದಲನೆಯದರ ಥರವೇ ಇಟ್ಟರೆ ಫೋನು ತಾನೇ ಹತ್ತಿರದ್ದನ್ನು ಹಿಡಿದುಕೊಳ್ಳುತ್ತದೆ. ಕೊಟ್ಟಿಗೆಗೋ ಅಡಿಕೆ ಸುಲಿಯುವ ಚಪ್ಪರಕ್ಕೋ ಅಂಗಳ ದಾಟಿಸಿ ಒಯ್ಯುವುದಾದರೆ ತಾಮ್ರದ ಕೇಬಲ್ ಬೇಡ. ಅಲ್ಲಿ ಫೈಬರ್ ತುಂಡೊಂದನ್ನು ಎಳೆದು ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ಲ್ಯಾನ್ ಕೇಬಲಿಗೆ, ಅದನ್ನು ಮತ್ತೆ ಬೆಳಕಿಗೆ ಬದಲಿಸುವ ಡಬ್ಬಿ) ಹಾಕಿಸಿ. ಕಾರಣ ಸಿಡಿಲು.

ಸಿಡಿಲಿನ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮಳೆಯಲ್ಲಿ ಸುಟ್ಟುಹೋಗುವ ಡಬ್ಬಿಗಳಿಗೆ ಲೆಕ್ಕವಿಲ್ಲ. ಗಾಜು ವಿದ್ಯುತ್ ಒಯ್ಯುವುದಿಲ್ಲ, ನಿಜ. ಆದರೆ ಕಂಬದಿಂದ ಬರುವ ವೈರಿನ ಜೊತೆ ಭಾರ ಹೊರಲು ಉಕ್ಕಿನ ತಂತಿಯೊಂದಿರುತ್ತದೆ. ಅದನ್ನು ಹೊರಗೋಡೆಯ ಕೊಕ್ಕೆಗೇ ಕಟ್ಟಿ, ಅಲ್ಲೇ ತುಂಡರಿಸಿ, ಉಳಿದ ಭಾಗವನ್ನು ಮಾತ್ರ ಒಳಗೆ ತರಬೇಕು. ಹಾಗೆ ಮಾಡಿದ್ದಾರೋ ಇಲ್ಲವೋ ನೀವೇ ನೋಡಿ. ಮುಖ್ಯ ದಾರಿ ಕರೆಂಟಿನದ್ದು. ದೂರದಲ್ಲಿ ಗುಡುಗು ಕೇಳಿದ ಕೂಡಲೇ ಸ್ವಿಚ್ ಆರಿಸಿದರೆ ಸಾಲದು, ಅಡಾಪ್ಟರನ್ನೇ ಪ್ಲಗ್ಗಿನಿಂದ ಕೀಳಿ. ಟಿವಿಗೋ ಕಂಪ್ಯೂಟರಿಗೋ ಲ್ಯಾನ್ ಕೇಬಲ್ ಇದ್ದರೆ ಅದನ್ನೂ. ಫೈಬರ್ ತುದಿಯನ್ನು ಮಾತ್ರ ಮುಟ್ಟಬೇಡಿ, ಪದೇ ಪದೇ ಬಿಚ್ಚಿದರೆ ಧೂಳು ಕೂತು ಹಾಳಾಗುತ್ತದೆ.

ಕರೆಂಟ್ ಹೋದಾಗಲೂ ನಡೆಯಬೇಕೆಂದರೆ ರೂಟರಿಗೆಂದೇ ಬರುವ ಸಣ್ಣ ಯುಪಿಎಸ್ ತೆಗೆದುಕೊಳ್ಳಿ. ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ಓದಿ. ಹೆಚ್ಚಿನವು 12 ವೋಲ್ಟಿನವು, ಆದರೆ 9ರದ್ದೂ 5ರದ್ದೂ ಇವೆ. ವೋಲ್ಟು ಸರಿಯಾಗಿ ಹೊಂದಬೇಕು, ಆಂಪಿಯರ್ ಹೆಚ್ಚಿದ್ದರೆ ಅಡ್ಡಿಯಿಲ್ಲ, ಕಡಿಮೆಯಿದ್ದರೆ ಡಬ್ಬಿ ಆಗಾಗ ತಾನೇ ಆಫ್ ಆಗಿ ಆನ್ ಆಗುತ್ತದೆ. ಕೆಲವು ಮನೆಯಲ್ಲಿ ಫೈಬರ್ ಬಂದು ಸೇರುವ ಡಬ್ಬಿಯೇ ಬೇರೆ, ರೂಟರ್ರೇ ಬೇರೆ ಇರುತ್ತದೆ; ಹಾಗಿದ್ದರೆ ಎರಡಕ್ಕೂ ಬೇಕು, ಎಷ್ಟೋ ಜನ ರೂಟರಿಗೆ ಮಾತ್ರ ಹಾಕಿ ಫೈಬರ್ ಡಬ್ಬಿಯನ್ನು ಮರೆಯುತ್ತಾರೆ.

ಇನ್ನು ಇಂಟರ್ನೆಟ್ ನಿಂತಾಗ ನಮಗೆ ಫೋನ್ ಮಾಡುವ ಮೊದಲು ದೀಪ ನೋಡಿ. ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದರೆ ಅವರಿಗೂ ಇದನ್ನು ಕಲಿಸಿಡಿ. ಪಾನ್ (PON) ಎಂಬ ದೀಪ ಹಸಿರಾಗಿ ನಿಂತಿದ್ದರೆ ಕಂಬದಿಂದ ಬೆಳಕು ಬರುತ್ತಿದೆ. ಲಾಸ್ (LOS) ದೀಪ ಕೆಂಪಗೆ ಮಿಣುಕುತ್ತಿದ್ದರೆ ವೈರು ಎಲ್ಲೋ ಕಡಿದಿದೆ ಅಥವಾ ಮಡಚಿದೆ, ನಾವೇ ಬರಬೇಕು. ಪಾನ್ ಸರಿಯಿದ್ದು ಇಂಟರ್ನೆಟ್ ದೀಪ ಇಲ್ಲದಿದ್ದರೆ ಬಿಲ್ ಬಾಕಿ ಇದೆಯೋ ನೋಡಿ, ಇಲ್ಲವಾದರೆ ಅದು ಲಾಗಿನ್ ತೊಂದರೆ, ಫೋನಿನಲ್ಲೇ ಸರಿಹೋಗುತ್ತದೆ. ಎಲ್ಲ ದೀಪ ಸರಿಯಿದ್ದೂ ಬರದಿದ್ದರೆ ಒಂದು ನಿಮಿಷ ಪ್ಲಗ್ ಕಿತ್ತು ಮತ್ತೆ ಹಾಕಿ. ಸೂಜಿ ಚುಚ್ಚುವ ರೀಸೆಟ್ ತೂತಿಗೆ ಮಾತ್ರ ಕೈ ಹಾಕಬೇಡಿ. ಲಾಗಿನ್ ಹೆಸರು, ಪಾಸ್‌ವರ್ಡ್, ನಾವು ಹಾಕಿಟ್ಟ ವಿಲ್ಯಾನ್ (VLAN) ಎಂಬ ಲೈನಿನ ನಂಬರ್ ಎಲ್ಲ ಅಳಿಸಿಹೋಗಿ ಇದ್ದ ತೊಂದರೆಯ ಮೇಲೆ ಇನ್ನೊಂದು ಸೇರುತ್ತದೆ. ಫೋನ್ ಮಾಡಿದಾಗ ಯಾವ ದೀಪ ಯಾವ ಬಣ್ಣದಲ್ಲಿದೆ, ಹಿಂದಿನ ದಿನ ಗಾಳಿಮಳೆ ಇತ್ತೇ, ದಾರಿಯಲ್ಲಿ ಮರವೇನಾದರೂ ಬಿದ್ದಿದೆಯೇ ಎಂದು ಹೇಳಿ. ಯಾವ ಕಂಬಕ್ಕೆ ಮೊದಲು ಹೋಗಬೇಕು, ಏಣಿ ಕಟ್ಟಿಕೊಂಡು ಬರಬೇಕೋ ಬೇಡವೋ ಎಂದು ನಮಗೆ ಅಷ್ಟರಲ್ಲೇ ತಿಳಿಯುತ್ತದೆ.