ಓದುಗರ ನಡಿಗೆ ಕೂಟ ಕಟ್ಟುವುದು ಹೇಗೆ?

ಕಾಸರಗೋಡಿನ ನಮ್ಮ ಊರುಗಳಲ್ಲಿ ಕನ್ನಡ ಪುಸ್ತಕ ಓದುವವರಿದ್ದಾರೆ, ಬೆಳಿಗ್ಗೆ ಎದ್ದು ನಡೆಯುವವರೂ ಇದ್ದಾರೆ. ಆದರೆ ಎರಡೂ ಹೆಚ್ಚಾಗಿ ಒಂಟಿಯಾಗಿಯೇ ಸಾಗುತ್ತವೆ. ಇವುಗಳನ್ನು ಕೂಡಿಸಲು ಎಂಟು ಹತ್ತು ಮಂದಿ ಮತ್ತು ವಾರದಲ್ಲಿ ಒಂದು ಬೆಳಗಿನ ಹೊತ್ತು ಸಾಕು.

ಕೂಡುವ ಜಾಗ ಊರಿನ ಗ್ರಂಥಾಲಯದ ಅಂಗಳವಾದರೆ ಒಳ್ಳೆಯದು. ಕೇರಳದ ಗ್ರಾಮ ಗ್ರಂಥಾಲಯಗಳ ಬಲವಾದ ಪರಂಪರೆ ನಮಗೂ ಸೇರಿದ್ದು, ಅಲ್ಲಿನ ಗ್ರಂಥಾಲಯ ಚಳವಳಿಯನ್ನು ಕಟ್ಟಿದ ಪಿ. ಎನ್. ಪಣಿಕ್ಕರ್ ಅವರ ನೆನಪಿನ ವಾಚನಾ ದಿನವಾದ ಜೂನ್ 19ರಂದು ಕೂಟವನ್ನು ಆರಂಭಿಸಬಹುದು. ಮಳೆಯ ಅಂಜಿಕೆಯಿದ್ದರೆ ಅಕ್ಟೋಬರ್‌ವರೆಗೆ ಕಾಯಿರಿ.

ಒಂದೇ ಪುಸ್ತಕದ ಹತ್ತು ಪ್ರತಿಗಳು ಇಲ್ಲಿ ಸಿಗುವುದು ಕಷ್ಟ. ಆದ್ದರಿಂದ ಕಾದಂಬರಿಯ ಬದಲು ಕಥಾಸಂಕಲನವನ್ನೋ ಪ್ರಬಂಧ ಸಂಕಲನವನ್ನೋ ಆರಿಸಿ, ಇರುವ ಒಂದೇ ಪ್ರತಿಯನ್ನು ಕೈಯಿಂದ ಕೈಗೆ ದಾಟಿಸುತ್ತಾ ಒಬ್ಬೊಬ್ಬರು ಒಂದೊಂದು ಕಥೆಯನ್ನು ಓದಿಕೊಂಡು ಬಂದು, ನಡೆಯುವಾಗ ಜೊತೆಯವರಿಗೆ ಹೇಳುವ ಕ್ರಮವನ್ನು ಇಟ್ಟುಕೊಳ್ಳಿ. ಇದರಿಂದ ಮಲಯಾಳಂ ಮಾಧ್ಯಮದಲ್ಲಿ ಕಲಿತು, ಕನ್ನಡ ಮಾತನಾಡಬಲ್ಲ ಆದರೆ ಸರಾಗವಾಗಿ ಓದಲಾಗದ ನಮ್ಮ ಮಕ್ಕಳಿಗೂ ಕೂಟದಲ್ಲಿ ಸರಿಸಮಾನ ಸ್ಥಾನ ಸಿಗುತ್ತದೆ. ನನ್ನ ಮಟ್ಟಿಗೆ ಇಡೀ ಪ್ರಯತ್ನದಲ್ಲಿ ಇದಕ್ಕಿಂತ ಮುಖ್ಯವಾದುದಿಲ್ಲ. ಯಾರ ಬಳಿ ಯಾವ ಪುಸ್ತಕವಿದೆ ಎಂಬುದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಾತನಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲಬಾರದು. ಮಧ್ಯಮ ಶ್ರಮವನ್ನು ತಿಳಿಯುವ ಸರಳ ಪರೀಕ್ಷೆ ಇದು. ಅಂದರೆ ಕಥೆ ಹೇಳುತ್ತಾ ನಡೆಯುವವರಿಗೆ ಆ ಕಥೆಯೇ ವೇಗದ ಅಳತೆಗೋಲು. ಹೇಳುವವರು ವಾಕ್ಯದ ನಡುವೆ ಏದುಸಿರು ಬಿಟ್ಟರೆ ನಡಿಗೆ ನಿಧಾನಿಸಬೇಕು. ಮನೆಯ ಜಗಲಿಯಲ್ಲಿ ಕುಳಿತಷ್ಟೇ ಸಲೀಸಾಗಿ ಮಾತು ಹರಿಯುತ್ತಿದ್ದರೆ ಹೆಜ್ಜೆ ಚುರುಕಾಗಬೇಕು. ಮೊದಲ ಐದು ನಿಮಿಷ ಮೆಲ್ಲಗೆ ನಡೆದು ಮೈ ಬೆಚ್ಚಗಾದ ಮೇಲೆ ಇಬ್ಬಿಬ್ಬರಾಗಿ ಹೊರಡಿ, ಕಾಲು ಗಂಟೆಗೊಮ್ಮೆ ಜೋಡಿ ಬದಲಿಸಿ. ಕಾಲ್ದಾರಿಯಿಲ್ಲದ ಕಡೆ ಎದುರಿನಿಂದ ಬರುವ ವಾಹನಗಳು ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಒಬ್ಬರ ಹಿಂದೆ ಒಬ್ಬರು ಸಾಗಬೇಕು. ಹೃದಯದ ತೊಂದರೆ ಅಥವಾ ಮಂಡಿನೋವು ಇರುವವರು ಮೊದಲೇ ವೈದ್ಯರನ್ನು ಕೇಳಿಕೊಳ್ಳಲಿ.

ವಾರಕ್ಕೊಮ್ಮೆ ಮುಕ್ಕಾಲು ಗಂಟೆ ನಡೆದರೆ 150 ನಿಮಿಷ ತುಂಬುವುದಿಲ್ಲ. ಆದ್ದರಿಂದ ಹತ್ತಿರದ ಮನೆಗಳವರು ಉಳಿದ ದಿನಗಳಲ್ಲೂ ಜೊತೆಯಾಗಿ ನಡೆಯುವ ಏರ್ಪಾಡು ಮಾಡಿಕೊಳ್ಳಬೇಕು.

ಮಳೆಗಾಲದಲ್ಲಿ ಯಕ್ಷಗಾನ ಬಯಲಾಟ ನಿಂತಾಗ, ವೇಷ ಕುಣಿತಗಳಿಲ್ಲದೆ ಕುಳಿತು ನಡೆಸುವ ತಾಳಮದ್ದಳೆ ಸೂರಿನಡಿಯಲ್ಲಿ ಮುಂದುವರಿಯುವಂತೆ, ಕೂಟವೂ ಗ್ರಂಥಾಲಯದ ಒಳಗೆ ಸೇರಲಿ: ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೈಕಾಲು ಚಾಚುವ, ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಮಾಡುತ್ತಾ ಕೇಳಲಿ. ಓದುವವರು ಸರದಿಯಂತೆ ಬದಲಾಗಬೇಕು.

ಕೆಲವು ತಿಂಗಳು ಕಳೆದ ಮೇಲೆ ದೂರದ ದಾರಿ ಹಿಡಿಯಬಹುದು. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಯವರ ಸ್ಮಾರಕವಾದ ‘ಗಿಳಿವಿಂಡು’ವಿಗೆ ನಡೆದು ಹೋಗುವ ದಿನ ಅವರ ಕವಿತೆಗಳನ್ನೇ ಓದಿಕೊಂಡು ಹೋಗಿ. ಪೊಸಡಿಗುಂಪೆಯಂತಹ ಗುಡ್ಡವನ್ನು ಏರುವಾಗ ಮಾತು ಬೇಡ. ಕಥೆಯನ್ನು ಮೇಲೆ ತಲಪಿ, ನೀರು ಕುಡಿದು, ಉಸಿರು ಹದಕ್ಕೆ ಬಂದ ಮೇಲೆ ಆರಂಭಿಸಬೇಕು.