ನನ್ನ ಶಾರ್ಟ್ ಫಿಲ್ಮ್‌ನ ಕೊಲೆಗಾರನಿಗೆ ನಡೆಯೋದು ಕಲಿಸಿದ ಅನುಭವ

ಕೊಲೆಗಾರನೊಬ್ಬ ಬೆನ್ನಟ್ಟಿ ಒಬ್ಬೊಬ್ಬರನ್ನೇ ಕೊಲ್ಲುವ ಸ್ಲ್ಯಾಷರ್ ಸಿನಿಮಾ ನೋಡುವವರೆಲ್ಲ ಒಂದಲ್ಲ ಒಂದು ಸಲ ಕೇಳಿರುತ್ತಾರೆ. ಹುಡುಗಿ ಎದ್ದು ಬಿದ್ದು ಓಡುತ್ತಿದ್ದಾಳೆ, ಮುಖವಾಡದವನು ಸುಮ್ನೆ ನಡೆದು ಬರುತ್ತಿದ್ದಾನೆ, ಆದರೂ ಅವಳು ಹೇಗೆ ಸಿಕ್ಕಿಬೀಳುತ್ತಾಳೆ? ನಾನು ಹಾರರ್ ಶಾರ್ಟ್ ಫಿಲ್ಮ್ ಮಾಡುವಾಗ ಕಥೆಗಿಂತ ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಈ ನಡಿಗೆಗೇ.

ಮೊದಲು ಕೂತು ನೋಡಿದ್ದು 1978ರ ‘ಹ್ಯಾಲೋವೀನ್’. ನಿರ್ದೇಶಕ ಜಾನ್ ಕಾರ್ಪೆಂಟರ್. ಕೊಲೆಗಾರನ ಮುಖವಾಡ ಹಾಕಿ ಹೆಚ್ಚಿನ ಕಡೆ ನಡೆದಿರುವುದು ಅವರ ಗೆಳೆಯ ನಿಕ್ ಕ್ಯಾಸಲ್. ಕೊನೆಯ ಭಾಗದಲ್ಲಿ ನಾಯಕಿ ಲೋರಿ ಎದುರು ಮನೆಗೆ ಓಡಿ ಬಂದು ಬಾಗಿಲು ಬಡಿಯುತ್ತಾಳೆ, ಕೀ ಇಲ್ಲ, ಒಳಗಿನ ಮಗು ನಿದ್ದೆಯಲ್ಲಿದೆ, ಹಿಂದೆ ಅವನು ರಸ್ತೆ ದಾಟಿ ಬರುತ್ತಿದ್ದಾನೆ. ಅವಳ ಗಾಬರಿ ಏರುತ್ತಲೇ ಹೋಗುತ್ತದೆ, ಅವನ ಹೆಜ್ಜೆ ಮಾತ್ರ ಒಂದಿಷ್ಟೂ ಬದಲಾಗುವುದಿಲ್ಲ. ಇದೇ ದೃಶ್ಯ ಮತ್ತೆ ಮತ್ತೆ ನೋಡಿದ ಮೇಲೆ ನನಗೆ ಹೊಳೆದಿದ್ದು, ಹೆದರಿಸುವುದು ನಿಧಾನ ಅಲ್ಲ, ಒಂದೇ ಸಮ ಇರುವುದು. ಅವಳು ಏನೇ ಮಾಡಿದರೂ ಅವನ ವೇಗದ ಮೇಲೆ ಅದರ ಪರಿಣಾಮವೇ ಇಲ್ಲ ಅಂತ ನೋಡುವವರಿಗೆ ಗೊತ್ತಾಗಿಬಿಡುತ್ತದೆ.

ಓಡುವ ವಿಲನ್ ಕೆಲಸ ಮಾಡಲ್ಲ ಅಂತಲ್ಲ. 1974ರ ‘ದ ಟೆಕ್ಸಾಸ್ ಚೈನ್ ಸಾ ಮಾಸಕರ್’ನಲ್ಲಿ ಲೆದರ್‌ಫೇಸ್ ಗರಗಸ ಹಿಡಿದು ಓಡಿಸಿಕೊಂಡೇ ಬರುತ್ತಾನೆ, ಮೈ ನಡುಗುತ್ತದೆ. ಆದರೆ ಅಲ್ಲಿ ಯೋಚನೆ ಮಾಡಲು ಪುರುಸೊತ್ತೇ ಇರುವುದಿಲ್ಲ. ನನಗೆ ಬೇಕಿದ್ದು ಆ ಪುರುಸೊತ್ತು. ಪ್ರೇಕ್ಷಕರು ಕಾರಿಡಾರ್‌ನ ಉದ್ದವನ್ನು ಮನಸ್ಸಲ್ಲೇ ಅಳೆಯಬೇಕು, ಅವಳಿಗೆ ಎಷ್ಟು ಹೊತ್ತು ಉಳಿದಿದೆ ಅಂತ ತಾವೇ ಲೆಕ್ಕ ಹಾಕಬೇಕು.

ಹಾಗಾಗಿ ನಾನೂ ಲೆಕ್ಕ ಹಾಕಿದೆ. ನಟನ ಕಿವಿಗೆ ಇಯರ್‌ಫೋನ್ ಹಾಕಿ, ಫೋನಿನಲ್ಲಿ ಮೆಟ್ರೊನೋಮ್ (ಒಂದೇ ಲಯದಲ್ಲಿ ಟಿಕ್ ಟಿಕ್ ಅನ್ನುವ ಆ್ಯಪ್) ಇಟ್ಟು, ನಿಮಿಷಕ್ಕೆ 60 ಹೆಜ್ಜೆಯಿಂದ ಶುರು ಮಾಡಿದೆವು. 60ರಲ್ಲಿ ಕಾಲಿಗೆ ಪೆಟ್ಟಾದವನ ಹಾಗೆ ಕಂಡ. 110ರಲ್ಲಿ ಬಸ್ಸಿಗೆ ಹೊತ್ತಾದವನ ಹಾಗೆ. 84ಕ್ಕೆ ತಂದಾಗ ಇಡೀ ಕೋಣೆ ತಣ್ಣಗಾಯಿತು. ಹೆಜ್ಜೆಗೆ ಸುಮಾರು 65 ಸೆಂಟಿಮೀಟರ್ ಅಂದರೆ ಸೆಕೆಂಡಿಗೆ 90 ಸೆಂಟಿಮೀಟರ್ ಚಿಲ್ಲರೆ, 18 ಮೀಟರ್ ಕಾರಿಡಾರ್ ದಾಟಲು 20 ಸೆಕೆಂಡ್. ಇನ್ನೊಂದು ತುದಿಯಲ್ಲಿ ನಾಯಕಿ ಕೀ ಗೊಂಚಲಿನಲ್ಲಿ ಸರಿಯಾದ ಕೀ ಹುಡುಕಿ ಬಾಗಿಲು ತೆಗೆಯುವುದನ್ನು ಆ 20 ಸೆಕೆಂಡಿಗೇ ಕೂರಿಸಿದೆ.

ವೇಗ ಸಿಕ್ಕ ಮೇಲೂ ಮೈ ಕೈ ಸರಿಯಾಗಬೇಕು. ತಲೆ ಮೇಲೆ ಕೆಳಗೆ ಆಡಬಾರದು, ಕೈ ಬೀಸಬಾರದು, ನೆಲ ನೋಡಬಾರದು. ಎಲ್ಲಕ್ಕಿಂತ ಕಷ್ಟ ತಿರುವು. ಮನುಷ್ಯ ಅಂದಮೇಲೆ ಮೂಲೆ ತಿರುಗುವಾಗ ತಾನಾಗಿಯೇ ಅರೆಕ್ಷಣ ನಿಧಾನಿಸುತ್ತಾನೆ, ಆ ಅರೆಕ್ಷಣದಲ್ಲಿ ಅವನು ನಮ್ಮಂಥವನೇ ಅಂತ ಕಂಡುಬಿಡುತ್ತದೆ. ತಿರುವಿನಲ್ಲೂ ಬೀಟ್ ತಪ್ಪದ ಹಾಗೆ ಕಾಲಿಡುವುದನ್ನೇ ನಟ ಬಹಳ ಹೊತ್ತು ಅಭ್ಯಾಸ ಮಾಡಿದ, ಅದು ತೆರೆ ಮೇಲೆ ಚೆನ್ನಾಗಿ ಕಾಣಿಸುತ್ತದೆ.

ಲೆನ್ಸ್ ಬದಲಾದರೆ ಅದೇ ನಡಿಗೆ ಬೇರೆಯೇ ಆಗುತ್ತದೆ. ದೂರದಿಂದ 85 ಎಂಎಂನ ಉದ್ದ ಲೆನ್ಸ್‌ನಲ್ಲಿ ಹಿಡಿದರೆ ಅವನು ಎದುರಿಗೇ ಬರುತ್ತಿದ್ದರೂ ಹತ್ತಿರ ಆಗುತ್ತಲೇ ಇಲ್ಲ ಅನ್ನಿಸುತ್ತದೆ. ಹತ್ತಿರದಿಂದ 24 ಎಂಎಂನ ವೈಡ್ ಲೆನ್ಸ್‌ನಲ್ಲಿ ಹಿಡಿದರೆ ನಾಲ್ಕೇ ಹೆಜ್ಜೆಗೆ ಫ್ರೇಮ್ ತುಂಬಿಬಿಡುತ್ತಾನೆ. ನಾನು ದೃಶ್ಯದ ಬಹುಭಾಗವನ್ನು ಉದ್ದ ಲೆನ್ಸ್‌ನಲ್ಲಿ ತೆಗೆದು, ಕೀ ಕೈಜಾರಿದ ಮೇಲೆ ಮಾತ್ರ ವೈಡ್‌ಗೆ ಹೋದೆ. ಸ್ಲೋ ಮೋಷನ್ ಮುಟ್ಟಲೇ ಇಲ್ಲ. ಬಟ್ಟೆ ತೇಲುವುದು ಕಂಡರೆ ಸಾಕು, ಅವನ ಭಾರವೇ ಹೊರಟುಹೋಗುತ್ತದೆ.

ಎಡಿಟಿಂಗ್‌ನಲ್ಲಿ ಒಂದು ನಿಯಮ ಇಟ್ಟುಕೊಂಡೆ. ಕಣ್ಣೆದುರು ಅವನು ಎಂದೂ ವೇಗ ಹೆಚ್ಚಿಸಬಾರದು, ಫ್ರೇಮ್‌ನಿಂದ ಆಚೆ ಇದ್ದಾಗ ಮಾತ್ರ ನಾಲ್ಕೈದು ಹೆಜ್ಜೆ ಕದಿಯಬಹುದು. ಅವಳ ಕ್ಲೋಸಪ್‌ಗೆ ಕಟ್ ಆಗಿ ವಾಪಸ್ ಬಂದಾಗ ಅವನು ಇರಬೇಕಾದ್ದಕ್ಕಿಂತ ಸ್ವಲ್ಪ ಮುಂದೆ ಇರುತ್ತಾನೆ. ಈ ಕಳ್ಳತನ ಜಾಸ್ತಿ ಆದರೆ ಪ್ರೇಕ್ಷಕರು ಹಿಡಿದುಬಿಡುತ್ತಾರೆ, ಆಮೇಲೆ ಹೆದರುವುದಿಲ್ಲ, ನಗುತ್ತಾರೆ. ಆದ್ದರಿಂದ ಬೂಟಿನ ಸದ್ದನ್ನು ಅವಳ ಕ್ಲೋಸಪ್‌ಗಳ ಕೆಳಗೂ ಕಡಿಯದೆ ಓಡಿಸಿದೆ, ಅದೇ 84ರ ಲಯದಲ್ಲಿ. ಚಿತ್ರದಲ್ಲಿ ದೂರ ಕದ್ದರೂ ಕಿವಿ ಅವನ ನಡಿಗೆಯನ್ನು ನಂಬುತ್ತಲೇ ಇರುತ್ತದೆ.

ಸಂಗೀತವನ್ನು ಈ ದೃಶ್ಯದಿಂದ ಪೂರ್ತಿ ತೆಗೆದೆ. ಡ್ರಮ್ ಬಂದರೆ ಹೆಜ್ಜೆ ಅದರಲ್ಲಿ ಮುಳುಗಿಹೋಗುತ್ತದೆ ಅಲ್ವಾ? ಮುಂದಿನ ಚಿತ್ರದಲ್ಲಿ ಇದನ್ನೇ ಮೆಟ್ಟಿಲಿನ ಮೇಲೆ ಮಾಡಿ ನೋಡಬೇಕು ಅಂತಿದೆ. ಅಲ್ಲಿ ಹೆಜ್ಜೆಯ ಅಳತೆ ನಟನ ಕೈಯಲ್ಲಿರುವುದಿಲ್ಲ, ಮೆಟ್ಟಿಲೇ ನಿರ್ಧರಿಸುತ್ತದೆ, ಹಾಗಾಗಿ ಲೆಕ್ಕ ಮೊದಲಿಂದ ಹಾಕಬೇಕಾಗುತ್ತದೆ.