ದೊಡ್ಡಣ್ಣ, ಅಜ್ಜ ಮತ್ತು ಮಳೆ ರಜೆಯ ಮೆಸೇಜು

ಕಳೆದ ಜುಲೈಯಲ್ಲಿ ಒಂದು ರಾತ್ರಿ, ಸುಮಾರು ಎಂಟೂವರೆಗೆ, ಕೇರಳದ ಕಾಸರಗೋಡಿನ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಮಳೆ ರಜೆಯ ಆದೇಶ ಬಂತು. ಸೀಲು ಉಂಟು, ಸಹಿ ಉಂಟು, ಮರುದಿನದ ತಾರೀಕೂ ಉಂಟು. ಹತ್ತು ನಿಮಿಷದೊಳಗೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅದರ ಕೆಳಗೆ ಬರೆದಳು: ‘ಆದೇಶ ಸರಿಯಾದದ್ದೇ. ಆದರೆ ದಕ್ಷಿಣ ಕನ್ನಡದ್ದು. ನಮಗೆ ನಾಳೆ ಶಾಲೆ ಉಂಟು.’

ರಜೆ ಬೇಕಾದವಳೇ ರಜೆ ಇಲ್ಲ ಎಂದು ಬರೆದದ್ದು! ನೂರನಲ್ವತ್ತು ಜನ ಇರುವ ಗ್ರೂಪು. ಚಿಕ್ಕಪ್ಪಂದಿರು ಒಬ್ಬೊಬ್ಬರಾಗಿ ಹೆಬ್ಬೆರಳು ಒತ್ತಿದರು. ಆ ಹುಡುಗಿ ನನ್ನ ದೊಡ್ಡಪ್ಪನ ಮೊಮ್ಮಗಳು, ನನ್ನ ಶನಿವಾರದ ಗುಂಪಿನವಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಖುಷಿಗೆ.

ಯಾಕೆಂದರೆ ಶನಿವಾರ ಮಕ್ಕಳಿಗೆ ಕಾದಂಬರಿ ಓದಿಸಿ ಸುಳ್ಳು ಸುದ್ದಿ ಹಿಡಿಯಲು ಕಲಿಸುವ ಈ ಪ್ರಾಜೆಕ್ಟಿನ ವಿಷಯ ಹೇಳಿದಾಗ ಕಾಲೇಜಿನಲ್ಲಿ ಒಬ್ಬರು ಸರ್ ನಕ್ಕಿದ್ದರು. ‘ಸುಳ್ಳು ಸುದ್ದಿ ಹಿಡಿಯಲು ಕಾದಂಬರಿ ಯಾಕಮ್ಮಾ? ಹತ್ತು ಸ್ಲೈಡ್ ಮಾಡಿ ತೋರಿಸು, ಸಾಕು.’ ಬದಿಯಡ್ಕದ ಹತ್ತಿರದ ನಮ್ಮ ಗ್ರಂಥಾಲಯದ ಹಿರಿಯರದ್ದೂ ಅದೇ ಮಾತು. ಇದನ್ನು ಬರೆಯುತ್ತಿರುವುದಕ್ಕೆ ಅರ್ಧ ಕಾರಣ ಆ ನಗು, ಸುಳ್ಳು ಯಾಕೆ ಹೇಳಲಿ?

ಹಾಗಂತ ಸ್ಲೈಡ್ ಮಾಡದೆ ಬಿಡಲಿಲ್ಲ. ಮೊದಲ ಶನಿವಾರ ಅದನ್ನೇ ಮಾಡಿದೆ. ಪ್ರೊಜೆಕ್ಟರ್ ಬಾಡಿಗೆ 800 ರೂಪಾಯಿ. ಇಪ್ಪತ್ತಮೂರು ಮಕ್ಕಳು ಬಂದಿದ್ದರು. ಆರನೇ ಸ್ಲೈಡಿಗೆ ಕರೆಂಟ್ ಹೋಯಿತು. ಜೂನ್ ತಿಂಗಳು, ಇನ್ನೇನು? ಉಳಿದದ್ದನ್ನು ಬಾಯಲ್ಲಿ ಹೇಳಿ ಕ್ವಿಜ್ ಮಾಡಿದೆ. ಎಲ್ಲರೂ ಪಾಸ್. ಚಿತ್ರವನ್ನು ಗೂಗಲ್ ಲೆನ್ಸಿಗೆ ಹಾಕಿ ಹುಡುಕುವುದು, ತಾರೀಕು ನೋಡುವುದು, ತುಂಬ ಸಲ ಫಾರ್ವರ್ಡ್ ಆದ ಮೆಸೇಜಿಗೆ ವಾಟ್ಸಾಪ್ ಹಾಕುವ ಎರಡು ಬಾಣದ ಗುರುತು ನೋಡುವುದು, ಇದೆಲ್ಲ ಅವರಿಗೆ ಶಾಲೆಯಲ್ಲೇ ಆಗಿದೆ. ಪಕ್ಕದ ಕಣ್ಣೂರಿನಲ್ಲಿ 2018ರಲ್ಲೇ ಸುಮಾರು 150 ಸರಕಾರಿ ಶಾಲೆಗಳಲ್ಲಿ ‘ಸತ್ಯಮೇವ ಜಯತೇ’ ಎಂದು ಇಂಥ ಕ್ಲಾಸ್ ನಡೆದಿತ್ತು. ಆಮೇಲೆ ಕೇರಳ ಇಡೀ ಬಂತು. ಹಾಗಾಗಿ ನನ್ನ ಸ್ಲೈಡಿನಲ್ಲಿ ಹೊಸದು ಏನೂ ಇರಲಿಲ್ಲ.

ಆ ದಿನ ಸಂಜೆ, ಕ್ವಿಜ್‌ನಲ್ಲಿ ಹತ್ತಕ್ಕೆ ಹತ್ತು ತೆಗೆದ ಹುಡುಗ ನನಗೇ ಒಂದು ಮೆಸೇಜು ಕಳಿಸಿದ. ಯುನೆಸ್ಕೋ ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲೇ ಶ್ರೇಷ್ಠ ಎಂದು ಘೋಷಿಸಿದೆಯಂತೆ! ಎಷ್ಟು ವರ್ಷದ ಹಳೆ ಸುಳ್ಳು ಅದು. ಕೇಳಿದರೆ, ‘ಅಕ್ಕಾ, ಪರೀಕ್ಷೆ ಮುಗಿದಿತ್ತಲ್ಲ’ ಎಂದ.

ಮುಂದಿನ ವಾರ ಬಂದದ್ದು ಆರೇ ಮಕ್ಕಳು.

ಆಗ ಕಾದಂಬರಿ ತೆಗೆದೆ. ಜಾರ್ಜ್ ಆರ್ವೆಲ್‌ನ ‘1984’. ಆ ಹೆಸರು ಕೇಳಿ ಒಬ್ಬ, ‘ನಮ್ಮ ಜಿಲ್ಲೆಯ ಕಥೆಯಾ?’ ಎಂದು ಕೇಳಿದ. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ಕ್ಕೆ, ಅದು ಅವನಿಗೆ ಕ್ವಿಜ್‌ಗೆ ಓದಿ ಬಾಯಿಪಾಠ. ಅಲ್ಲ ಮಾರಾಯ, ಪುಸ್ತಕ ಬಂದದ್ದು 1949ರಲ್ಲಿ, ನಮ್ಮ ಮಂಜೇಶ್ವರದ ಗೋವಿಂದ ಪೈಗಳು ರಾಷ್ಟ್ರಕವಿ ಆದ ವರ್ಷ, ಎಂದೆ. ಬರೆದವನು ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ ಎಂದಾಗ ಇನ್ನೂ ಹತ್ತಿರ ಬಂದು ಕೂತರು. ದುಡ್ಡಿನ ಮಟ್ಟಿಗೂ ಇದು ಒಳ್ಳೆಯ ಆಯ್ಕೆ. ಆರ್ವೆಲ್ ತೀರಿಕೊಂಡದ್ದು 1950ರಲ್ಲಿ. ನಮ್ಮ ದೇಶದ ಕಾಯ್ದೆಯಲ್ಲಿ ಅರುವತ್ತು ವರ್ಷ ಕಳೆದರೆ ಹಕ್ಕು ಮುಗಿಯುತ್ತದೆ. ಹಾಗಾಗಿ ವಾರಕ್ಕೆ ಮೂರ್ನಾಲ್ಕು ಪುಟ ನಾನೇ ಕನ್ನಡ ಮಾಡಿ ಝೆರಾಕ್ಸ್ ಹಂಚಿದೆ. ನನ್ನ ಕನ್ನಡ ಚೆನ್ನಾಗಿಯೇ ಬಂದಿದೆ ಎಂದು ನನಗೆ ಅನಿಸುತ್ತದೆ. ಕಾದಂಬರಿಯಲ್ಲಿ ಎಲ್ಲರ ಮೇಲೂ ಕಣ್ಣಿಟ್ಟಿರುವ ಸರ್ವಾಧಿಕಾರಿ ಬಿಗ್ ಬ್ರದರ್‌ಗೆ ‘ದೊಡ್ಡಣ್ಣ’ ಎಂದು ಹಾಕಿದೆ.

ಇನ್ನು ನಾನು ಮಾಡಿದ ದೊಡ್ಡ ತಪ್ಪಿಗೆ ಬರುತ್ತೇನೆ.

ಗ್ರಂಥಾಲಯದ ಮೇಜಿನ ಮೇಲೆ ಒಂದು ಉದ್ದದ ಲೆಕ್ಕದ ಪುಸ್ತಕ ಇಟ್ಟಿದ್ದೆ, ಅಡಿಕೆ ಅಂಗಡಿಯಲ್ಲಿ ಇರುತ್ತದಲ್ಲ, ಹಾಗಿನದ್ದು. ವಾರದಲ್ಲಿ ಮನೆಗೆ ಬಂದ ಫಾರ್ವರ್ಡ್‌ಗಳನ್ನೆಲ್ಲ ಮಕ್ಕಳು ಅದರಲ್ಲಿ ಬರೆಯಬೇಕು. ಏನು ಬಂತು, ಯಾವಾಗ ಬಂತು, ಯಾರು ಕಳಿಸಿದರು. ಈ ಮೂರನೆಯದೇ ನನ್ನನ್ನು ಮುಳುಗಿಸಿದ್ದು. ಒಬ್ಬಳು ತನ್ನ ಅಜ್ಜನ ಹೆಸರನ್ನು ಮೂರು ವಾರದಲ್ಲಿ ಹನ್ನೊಂದು ಸಲ ಬರೆದಿದ್ದಳು. ಎದುರಿಗೆ ಕೆಂಪು ಶಾಯಿಯಲ್ಲಿ ‘ಸುಳ್ಳು’, ‘ಸುಳ್ಳು’, ‘ಅರ್ಧ ಸುಳ್ಳು’. ಆ ಅಜ್ಜ ಒಂದು ದಿನ ಪೇಪರ್ ಓದಲು ಬಂದವರು ಈ ಪುಸ್ತಕವನ್ನೂ ಓದಿದರು.

ಆಮೇಲೆ ನಡೆದದ್ದನ್ನು ಪೂರ್ತಿ ಬರೆಯುವುದು ಬೇಡ. ‘ನನ್ನ ಹೆಸರು ಬರೆಯಲು ನಿನಗೆ ಯಾರು ಹೇಳಿದ್ದು? ನಾನು ಎಂತ ಕಳ್ಳನಾ?’ ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಎರಡು ಮನೆಯವರು ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿದರು. ಗ್ರಂಥಾಲಯದವರು ಇದೆಲ್ಲ ಸಾಕು ಎಂದರು. ಸರ್‌ಗೂ ಸುದ್ದಿ ಹೋಯಿತು. ಅವರು ಆಗಲೂ ನಕ್ಕರು.

ಆ ವಾರ ನಾವು ಓದಬೇಕಿದ್ದದ್ದು ಪಾರ್ಸನ್ಸ್‌ನ ಭಾಗ. ಅವನು ದೊಡ್ಡಣ್ಣನ ಪಕ್ಷದ ಪಕ್ಕಾ ಮನುಷ್ಯ. ನಿದ್ದೆಯಲ್ಲಿ ದೊಡ್ಡಣ್ಣನ ವಿರುದ್ಧ ಏನೋ ಕನವರಿಸುತ್ತಾನೆ. ಬಾಗಿಲ ಸಂದಿಯಿಂದ ಕೇಳಿಸಿಕೊಂಡು ಪೊಲೀಸರಿಗೆ ಹೇಳಿದ್ದು ಅವನ ಪುಟ್ಟ ಮಗಳೇ. ಜೈಲಿನಲ್ಲಿ ಕೂತು ಅವನು ಅದಕ್ಕೂ ಹೆಮ್ಮೆ ಪಡುತ್ತಾನೆ. ಇದನ್ನು ಓದಿ ಮುಗಿಸಿ ತಲೆ ಎತ್ತಿದರೆ, ಆ ಹನ್ನೊಂದು ಸಲದ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಇನ್ನೊಬ್ಬ ನೇರ ಹೇಳಿಯೇ ಬಿಟ್ಟ: ‘ಅಕ್ಕಾ, ನಮ್ಮ ದೊಡ್ಡಣ್ಣ ನೀವೇ ಅಲ್ವಾ?’

ಹೌದು, ನಾನೇ.

ಇದು ನನಗೆ ಮೊದಲೇ ಹೊಳೆಯಬೇಕಿತ್ತು. 2020ರ ಮಾರ್ಚಿನಲ್ಲಿ ನಾನು ಒಂಬತ್ತನೇ ಕ್ಲಾಸ್. ಮಾವ ದುಬೈಯಿಂದ ಬಂದಿದ್ದರು. ಕೊರೊನಾದಿಂದಾಗಿ ಕಾಸರಗೋಡು ಎಂದರೆ ದೇಶ ಇಡೀ ಹೆದರುತ್ತಿದ್ದ ದಿನಗಳು. ತಲಪಾಡಿಯಲ್ಲಿ ಗಡಿ ಮುಚ್ಚಿತ್ತು, ಒಳದಾರಿಗಳಿಗೆ ಮಣ್ಣು ಸುರಿದಿದ್ದರು. ಸೋಂಕು ಬಂದವರು ಎಲ್ಲೆಲ್ಲಿ ಹೋಗಿದ್ದರು ಎಂಬ ರೂಟ್ ಮ್ಯಾಪ್ ಗ್ರೂಪುಗಳಲ್ಲಿ ಬರುತ್ತಿತ್ತು. ಹೆಸರಿಲ್ಲದಿದ್ದರೂ ಊರಿನವರಿಗೆ ಗೊತ್ತಾಗದೆ ಇರುತ್ತದಾ? ಮಾವನಿಗೆ ಸೋಂಕು ಇರಲಿಲ್ಲ. ಆದರೂ ಯಾರೋ ಒಬ್ಬರು ಬೇರೆಯವರ ಮ್ಯಾಪಿಗೆ ನಮ್ಮ ಮನೆ ಮತ್ತು ಒಂದು ಕ್ಷೌರದ ಅಂಗಡಿ ಸೇರಿಸಿ ಬಿಟ್ಟರು. ಆ ಅಂಗಡಿಗೆ ತಿಂಗಳುಗಟ್ಟಲೆ ಯಾರೂ ಹೋಗಲಿಲ್ಲ. ಗಡಿಯ ಆಚೆ ಕರ್ನಾಟಕದಲ್ಲಿ ಮನೆಯಲ್ಲೇ ಇರಬೇಕಾದವರು ಗಂಟೆಗೊಂದು ಸೆಲ್ಫಿ ಕಳಿಸಬೇಕಿತ್ತು. ನೋಡುವವರು, ಸುಳ್ಳು ಸೇರಿಸುವವರು ಬೇರೆ ಬೇರೆ ಎಂದು ನಾನು ಅಂದುಕೊಂಡಿದ್ದೆ. ಆ ಮ್ಯಾಪಿನಲ್ಲಿ ಎರಡೂ ಒಂದೇ ಕಾಗದದ ಮೇಲೆ ಇತ್ತು.

ಉದ್ದದ ಪುಸ್ತಕದ ಹೆಸರಿದ್ದ ಪುಟಗಳನ್ನು ಹರಿದೆವು. ಎಲ್ಲರಿಗೂ ಒಂದೊಂದು ಸಣ್ಣ ನೋಟ್‌ಬುಕ್ ಕೊಟ್ಟೆ. ಹೊಸ ನಿಯಮ ಇಷ್ಟೇ: ನಿನ್ನ ಪುಸ್ತಕದಲ್ಲಿ ನಿನ್ನದೇ ಲೆಕ್ಕ. ನಾನು ಏನು ಕಳಿಸಿದೆ, ಯಾಕೆ ಕಳಿಸಿದೆ, ಕಳಿಸುವ ಮೊದಲು ಎಷ್ಟು ಹೊತ್ತು ನೋಡಿದೆ. ಬಲಗಡೆ ಪುಟದಲ್ಲಿ, ಈ ದಿನ ನನ್ನ ಬಗ್ಗೆ ಯಾರಿಗೆ ಏನು ಗೊತ್ತಾಯಿತು. ಆ ಬಲಗಡೆಯ ಕೊನೆಯ ಸಾಲು ಏಳು ದಿನ ಖಾಲಿ ಇರಬೇಕು. ಏಳು ದಿನ ಕಳೆದ ಮೇಲೆ, ಕಳಿಸಿದ್ದು ಏನಾಯಿತು ಎಂದು ಬರೆಯಬೇಕು. ನಾನು ಪುಸ್ತಕ ತೆರೆದು ನೋಡುವುದಿಲ್ಲ. ಬೇಕಾದವರು ಓದಿ ಹೇಳಬಹುದು. ಮೂರು ದಿನ ಸಾಲುವುದಿಲ್ಲ, ಹದಿನೈದು ದಿನವಾದರೆ ಮರೆತೇ ಬಿಡುತ್ತಾರೆ. ಏಳು ಸರಿ.

ಖಾಲಿ ಪುಟ ಹಿಡಿದು ಸುಮ್ನೆ ಕೂರುವ ಮಕ್ಕಳಿಂದ ಮೊದಲ ಸಾಲು ಬರೆಸಲು ನಾನು ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಹಾಕುವುದಿಲ್ಲ. ಹಾಕಿದರೆ ನಮ್ಮ ಮಕ್ಕಳು ಓದುತ್ತಾರೆ, ಆಮೇಲೆ ಅದು ಕೆಲಸ ಮಾಡುವುದಿಲ್ಲ.

ಇನ್ನೊಂದು ವಿಷಯ ತಾನಾಗಿಯೇ ಹೊರಗೆ ಬಂತು. ಕಾದಂಬರಿಯ ವಿನ್‌ಸ್ಟನ್‌ನ ಕೆಲಸ ಹಳೆ ಪೇಪರುಗಳನ್ನು ತಿದ್ದುವುದು. ಹಳೆಯದು ಒಂದು ತೂತಿನೊಳಗೆ ಹೋಗಿ ಸುಟ್ಟುಹೋಗುತ್ತದೆ. ಇದು ಮಕ್ಕಳಿಗೆ ಒಂದೇ ಸಲಕ್ಕೆ ಅರ್ಥ ಆಯಿತು. ವಾಟ್ಸಾಪಿನಲ್ಲಿ ಹದಿನೈದು ನಿಮಿಷದೊಳಗೆ ಮೆಸೇಜು ತಿದ್ದಬಹುದು, ಎರಡು ದಿನ ಕಳೆದರೂ ಎಲ್ಲರ ಫೋನಿನಿಂದ ಅಳಿಸಬಹುದು. ಹತ್ತನೇ ಕ್ಲಾಸಿನ ಒಬ್ಬ ಕಂಡುಹಿಡಿದದ್ದು ಇನ್ನೂ ಚೆನ್ನಾಗಿದೆ. ತುಂಬ ಸಲ ಫಾರ್ವರ್ಡ್ ಆದದ್ದನ್ನು 2020ರಿಂದ ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಬಹುದು, ಅಲ್ವಾ? ಅವನ ಮನೆಯಲ್ಲಿ ಅದರ ಸ್ಕ್ರೀನ್‌ಶಾಟ್ ತೆಗೆದು ಕಳಿಸುತ್ತಾರೆ. ಎರಡು ಬಾಣ ಮಾಯ, ಹಳೆ ಸುಳ್ಳು ಆಗಷ್ಟೇ ಹುಟ್ಟಿದ ಹಾಗೆ ಹೊರಡುತ್ತದೆ. ಬಾಣ ನೋಡಲು ಕಲಿಸಿದ ನನ್ನ ಸ್ಲೈಡಿಗೆ ಅಲ್ಲಿಗೇ ಮಂಗಳ.

ಮಧ್ಯೆ ಬೇಡದ ಕೆಲಸಗಳೂ ನಡೆದವು. ಒಂದು ಶನಿವಾರ ಪೇಟೆಯ ಒಂದು ಬದಿಯ ಕ್ಯಾಮೆರಾ ಎಣಿಸಲು ಹೋದೆವು. ನಲ್ವತ್ತ ಚಿಲ್ಲರೆ ಸಿಕ್ಕಿದವು. ಕೇಳಿದರೆ ಅರ್ಧದಷ್ಟು ಕೆಟ್ಟಿವೆ. ಒಬ್ಬ ಅಂಗಡಿಯವರು ಹಾಕಿದ್ದು ಬರೀ ಖಾಲಿ ಡಬ್ಬಿ. ‘ಕಳ್ಳನಿಗೆ ಗೊತ್ತಾಗುತ್ತದಾ ಮಗಾ?’ ಎಂದು ನಗುತ್ತಾರೆ. ಕಾವಲುಗಾರ ನೋಡುತ್ತಿದ್ದಾನೋ ಇಲ್ಲವೋ ಎಂದು ಕೈದಿಗೆ ಗೊತ್ತಾಗದ ಹಾಗೆ ಬೆಂಥಮ್ ಎಂಬ ಇಂಗ್ಲಿಷ್ ಚಿಂತಕ ಯೋಚಿಸಿದ ಜೈಲಿನ ಕಥೆಯನ್ನು ಬಿಡುತ್ತೇನೆ, ಆ ಡಬ್ಬಿ ಸಾಕು. ರಸ್ತೆಯ ಎಐ ಕ್ಯಾಮೆರಾ ದಂಡ ಹಾಕಲು ಶುರು ಮಾಡಿದ್ದು 2023ರ ಜೂನ್ 5ಕ್ಕೆ, ಕೇರಳ ಇಡೀ 726. ಅದು ಬಂದ ಮೇಲೆ ಅಪ್ಪ ಕ್ಯಾಮೆರಾ ಇರುವಲ್ಲಿ ಮಾತ್ರ ಹೆಲ್ಮೆಟ್ ಹಾಕುತ್ತಾರೆ, ದಾಟಿದ ಕೂಡಲೆ ತೆಗೆದು ಕೈಗೆ ಸಿಕ್ಕಿಸುತ್ತಾರೆ ಎಂದು ಒಬ್ಬ ಹೇಳಿದ. ಹೇಳಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ. ಕಲಿತಿದ್ದಾರೆ.

ಫೋನು ಕದ್ದು ಕೇಳುತ್ತದಾ ಎಂದು ನೋಡಲು ನನ್ನ ಫೋನಿನ ಎದುರು ಮೂರು ದಿನ ‘ಅಡಿಕೆ ಸುಲಿಯುವ ಮೆಷಿನ್’ ಎಂದು ಕೂಗಿದೆವು. ಏನೂ ಬರಲಿಲ್ಲ. ಆಮೇಲೆ ಒಂದೇ ಒಂದು ಸಲ ಟೈಪ್ ಮಾಡಿ ಹುಡುಕಿದೆ. ಒಂದು ತಿಂಗಳು ಆ ಮೆಷಿನ್ ನನ್ನ ಬೆನ್ನು ಬಿಡಲಿಲ್ಲ. ಒಂದು ಫೋನು, ಮೂರು ದಿನ, ಇದನ್ನು ಪ್ರಯೋಗ ಎಂದು ಕರೆಯಲು ಆಗುವುದಿಲ್ಲ. ಆದರೆ ಮಕ್ಕಳು ಬಲಗಡೆ ಪುಟ ತುಂಬಿಸಲು ಕಲಿತದ್ದು ಅಲ್ಲಿಂದ.

ಪುಸ್ತಕ ಸುಡುವ ಊರಿನ ಕಥೆ, ರೇ ಬ್ರಾಡ್‌ಬರಿಯ ‘ಫ್ಯಾರನ್‌ಹೀಟ್ 451’, ಅದನ್ನೂ ಬಾಯಲ್ಲಿ ಹೇಳಿದೆ. ಓಡಲಿಲ್ಲ. ‘ಸುಡುವುದು ಯಾಕೆ? ಇಲ್ಲಿ ಒರಲೆಯೇ ತಿನ್ನುತ್ತದಲ್ಲ’ ಎಂದು ಗ್ರಂಥಾಲಯದ ಕಪಾಟು ತೋರಿಸಿದರು.

ಖರ್ಚು ಕೇಳುವವರಿಗೆ: ನಾಲ್ಕು ತಿಂಗಳಿಗೆ ಒಟ್ಟು 3,500 ರೂಪಾಯಿ ಆಸುಪಾಸು. ಪ್ರೊಜೆಕ್ಟರಿನ 800 ನೀರಿಗೆ. ನೋಟ್‌ಬುಕ್ 300, ಝೆರಾಕ್ಸ್ ಸಾವಿರದ ಹತ್ತಿರ. ಉಳಿದದ್ದು ಚಹಾ ಮತ್ತು ಗೋಳಿಬಜೆ. ಗೋಳಿಬಜೆ ನಿಲ್ಲಿಸಿದ ವಾರ ಹಾಜರಿ ಅರ್ಧ ಆಗಿತ್ತು, ಅಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಎಲ್ಲ ನನ್ನ ಟ್ಯೂಷನ್ ದುಡ್ಡು. ಸ್ಪೈರಲ್ ನೋಟ್‌ಬುಕ್ ಬೇಡ, ಮಕ್ಕಳು ಪುಟ ಕೀಳುತ್ತಾರೆ. ಹೊಲಿಗೆ ಹಾಕಿದ್ದು ತೆಗೆದುಕೊಳ್ಳಿ.

ಫಲ? ಮಕ್ಕಳು ತಾವಾಗಿ ಓದಿ ಹೇಳಿದ್ದನ್ನು ಕೂಡಿಸಿದರೆ ಮುನ್ನೂರು ಚಿಲ್ಲರೆ ಫಾರ್ವರ್ಡ್. ಪೂರ್ತಿ ಸುಳ್ಳು ಬಹುಶಃ ನಲ್ವತ್ತು. ನೂರಕ್ಕಿಂತ ಜಾಸ್ತಿ ಇದ್ದದ್ದು ನಿಜವೇ ಆದರೆ ಬೇರೆ ಕಡೆಯದ್ದು, ಇಲ್ಲವೇ ಬೇರೆ ವರ್ಷದ್ದು. ಗಡಿಯಲ್ಲಿ ಇರುವ ನಮ್ಮ ಕಷ್ಟವೇ ಇದು. ಓದುವುದು ಕನ್ನಡ, ಆದೇಶ ಹೊರಡುವುದು ಮಲಯಾಳದಲ್ಲಿ. ಕನ್ನಡದಲ್ಲಿ ಅಚ್ಚುಕಟ್ಟಾಗಿ ಬಂದದ್ದು ಹೆಚ್ಚಾಗಿ ಮಂಗಳೂರಿನದ್ದು. ರೇಷನ್ ಕಾರ್ಡ್, ಪಿಂಚಣಿ, ಬಸ್ ಪಾಸ್, ಎಲ್ಲವೂ ಹೀಗೆಯೇ. ಸುಳ್ಳು ಹಿಡಿಯುವ ಪಾಠ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ಅದು ಸುಳ್ಳೇ ಅಲ್ಲ. ‘ಇದು ಯಾವ ಊರಿನದ್ದು?’ ಎಂದು ಮಕ್ಕಳು ಕೇಳಲು ಶುರು ಮಾಡಿದ್ದು, ತಾವೇ ಕಳಿಸಿದ್ದ ರಜೆಯ ಮೆಸೇಜಿನ ಎದುರು ಏಳನೇ ದಿನ ‘ರಜೆ ಇರಲಿಲ್ಲ, ನನಗೆ ಆಬ್ಸೆಂಟ್ ಬಿತ್ತು’ ಎಂದು ಬರೆಯಬೇಕಾಗಿ ಬಂದಾಗ.

ಅಜ್ಜನ ವಿಷಯ ಬಾಕಿ ಇದೆ. ಆಗಸ್ಟಿನಲ್ಲಿ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ನಿಮ್ಮ ಪ್ರಶ್ನೆ ದೊಡ್ಡ ಪ್ರಶ್ನೆ ಅಜ್ಜ, ಅದನ್ನು ಸುಪ್ರೀಂ ಕೋರ್ಟಿನಲ್ಲೇ ಕೇಳಿದವರಿದ್ದಾರೆ ಎಂದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿಷಯಕ್ಕೆ ಅರ್ಜಿ ಹಾಕಿದರು. 2017ರ ಆಗಸ್ಟ್ 24ಕ್ಕೆ ಒಂಬತ್ತು ಮಂದಿ ನ್ಯಾಯಮೂರ್ತಿಗಳು, ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಅಜ್ಜ ಎಲ್ಲ ಕೇಳಿ, ‘ಅರ್ಜಿ ಹಾಕುವಾಗ ಅವರಿಗೆ ಎಷ್ಟು ಪ್ರಾಯ?’ ಎಂದರು. ಎಂಬತ್ತಾರು ಎಂದೆ. ‘ನನಗೆ ಎಪ್ಪತ್ತೊಂಬತ್ತು’ ಎಂದು ಒಳಗೆ ಹೋಗಿ ಮಜ್ಜಿಗೆ ತಂದರು.

ಸರ್ ಈಗ ತಮ್ಮ ಕ್ಲಾಸಿಗೆ ನನ್ನ ನೋಟ್‌ಬುಕ್ಕಿನ ಮಾದರಿ ಕೇಳಿದ್ದಾರೆ. ಕೊಟ್ಟಿದ್ದೇನೆ, ಆ ಒಂದು ಪ್ರಶ್ನೆ ಬಿಟ್ಟು. ಹೋದ ವಾರ ಅಜ್ಜ ಗ್ರಂಥಾಲಯಕ್ಕೆ ಬಂದು ತನಗೂ ಒಂದು ಪುಸ್ತಕ ಬೇಕು ಎಂದರು. ಕೊಟ್ಟೆ. ಮೊದಲ ಪುಟ ತೆರೆದರು, ನನ್ನ ಕಡೆ ನೋಡಿದರು, ಕುರ್ಚಿ ಎಳೆದುಕೊಂಡು ಕಿಟಕಿಯ ಹತ್ತಿರ ಹೋಗಿ ನನಗೆ ಬೆನ್ನು ಹಾಕಿ ಕೂತು ಬರೆಯಲು ಶುರು ಮಾಡಿದರು.